ಅರಿಶಿನದ ಉಗುರು

ಸಂಜೆ ಕಾಲೇಜಿನಲ್ಲಿ ಓದಿದವನು ನಾನು, ಡಾಕ್ಟರನಲ್ಲ. ಹೃದಯದ ವಿಷಯ ಹೇಳಹೊರಟಿದ್ದು ಅಧಿಕಪ್ರಸಂಗವಾದರೆ ಕ್ಷಮಿಸಿ.

ರಕ್ತದಲ್ಲಿ ಕೊಲೆಸ್ಟ್ರಾಲ್ ಏರಿದರೆ ಹೆಬ್ಬೆರಳಿನ ಉಗುರು ಹಳದಿಯಾಗುತ್ತದೆಂದು ನಮ್ಮ ಕಾಲದವರಿಗೆಲ್ಲ ಗೊತ್ತು. ದಾವಣಗೆರೆಯ ಹೋಟೆಲಿನವರು ಉಗುರು ನೋಡಿಯೇ ದೋಸೆಗೆ ಬೆಣ್ಣೆ ಹಾಕುತ್ತಾರೆ. ನನ್ನ ಉಗುರು ಹಳದಿಯಾದಾಗ ಹೆಂಡತಿ ನೀಲಮ್ಮ ಬೆಣ್ಣೆ ಬಿಡಿಸಿ, ದಿನಾ ನಡೆಸಿ, ಗುಳಿಗೆ ನುಂಗಿಸಿ ಅದನ್ನು ಮತ್ತೆ ಗುಲಾಬಿ ಬಣ್ಣಕ್ಕೆ ತಂದಳು.

"ನಿಂದೂ ಹಳದಿ ಐತಲ್ಲೇ?" ಎಂದು ಒಮ್ಮೆ ಕೇಳಿದ್ದೆ.

"ಅಡುಗೆ ಮಾಡೋರ ಉಗುರು ರೀ, ಅದು ಅರಿಶಿನ. ನೀವೂ ಒಂದಿನ ಸೌಟು ಹಿಡೀರಿ, ತಿಳೀತೈತಿ," ಎಂದು ನಕ್ಕಳು. ನಾನೂ ನಕ್ಕೆ.

ನಿನ್ನೆ ಒಲೆಯ ಮುಂದೆಯೇ ಅವಳ ಹೃದಯ ನಿಂತಿತು. ಇವತ್ತು ನೆರೆಯ ಮುತ್ತೈದೆಯರು ಅವಳ ಕೈಗೆ ಅರಿಶಿನ ಹಚ್ಚಲು ಬಂದರು.

"ಒಂಚೂರು ತಡೀರಿ ಅಕ್ಕಾರೆ," ಎಂದು ನಾನು ಸೀಗೆಪುಡಿಯಿಂದ ಆ ಉಗುರನ್ನು ತಿಕ್ಕಿ ತಿಕ್ಕಿ ತೊಳೆದೆ. ಹಳದಿ ಹೋಗಲಿಲ್ಲ.

"ಬಿಡ್ರಿ ಅಣ್ಣಾ, ಸಾಕು," ಎಂದು ಅವರು ಅದರ ಮೇಲೆಯೇ ಅರಿಶಿನ ಹಚ್ಚಿದರು.

ಅವಳು ನಕ್ಕ ದಿನ ಆ ಉಗುರಿನಲ್ಲಿದ್ದದ್ದು ಅರಿಶಿನವೋ, ಕೊಲೆಸ್ಟ್ರಾಲೋ, ನನಗೆ ಗೊತ್ತಿಲ್ಲ.