ಗೋಡೆಯ ಮೇಲಿನ ಹಾಲಿನ ಮೀಸೆ

ನಮ್ಮ ಏರಿಯಾದಲ್ಲೊಂದು ಬ್ರೂವರಿ ಇದೆ. ಬಿಯರ್ ತಯಾರಾಗುವುದೂ ಅಲ್ಲೇ, ಮಾರುವುದೂ ಅಲ್ಲೇ. ನಾನು ಅಲ್ಲಿ ಗ್ಲಾಸ್ ತೊಳೆಯುತ್ತೇನೆ.

ನನಗೆ ಮಾತು ಕಡಿಮೆ... ಕಣ್ಣು ಮಾತ್ರ ಸುಮ್ಮನಿರುವುದಿಲ್ಲ.

ಅಲ್ಲಿನ ದೊಡ್ಡ ಗೋಡೆಗೆ ಚಿತ್ರ ಬರೆಯಲು ಪಕ್ಕದ ಬೀದಿಯ ಹೇಮಾಕ್ಷಿ ಅಕ್ಕ ಬಂದರು. ಇಸ್ತ್ರಿ ಅಂಗಡಿಯವರು, ಹೂವಿನವರು, ಆಟೋದವರು... ನಮ್ಮ ಏರಿಯಾದ ಜನರನ್ನೇ ಬರೆಯುತ್ತಿದ್ದರು.

ಸಂಜೆಯಾದರೆ ಅಕ್ಕ ಹಿಂಬಾಗಿಲಿಗೆ ಹೋಗುತ್ತಿದ್ದರು. ಬರುವಾಗ ಕೈಯಲ್ಲೊಂದು ಸ್ಟೀಲ್ ಬಾಟಲಿ. ಅದಕ್ಕೆ ಟವೆಲ್ ಸುತ್ತಿ, ಕವರಿಗೆ ಹಾಕಿ, ಬ್ಯಾಗಿನ ತಳಕ್ಕೆ ತಳ್ಳುತ್ತಿದ್ದರು.

ಹಿಂಬಾಗಿಲ ಪಕ್ಕದಲ್ಲೇ ಬಿಯರ್ ಟ್ಯಾಂಕುಗಳು...

"ಬಣ್ಣ ಗೋಡೆಗೆ, ಬಿಯರ್ ಮನೆಗೆ!" ಎಂದು ಅಡುಗೆಯ ಕರಿಯಣ್ಣ ನಕ್ಕರು.

ನನಗೂ ಹಾಗೇ ಅನ್ನಿಸಿತು.

ಅದೇ ಹಿಂಬಾಗಿಲಿಗೆ ಮುನಿತಾಯಮ್ಮ ಅಜ್ಜಿಯೂ ಬರುತ್ತಿದ್ದರು. ಬಿಯರಿಗೆಂದು ಬೇಯಿಸಿ ಸೋಸಿದ ಬಾರ್ಲಿಯ ಚರಟವನ್ನು ತಮ್ಮ ಹಸು ಗೌರಿಗೆ ಒಯ್ಯುತ್ತಿದ್ದರು. ಅದರಲ್ಲಿ ಅಮಲೇನೂ ಇರುವುದಿಲ್ಲ.

ಆದರೆ ಬೀದಿಯಲ್ಲಿ ಮಾತು ಹಬ್ಬಿತ್ತು... "ಅಜ್ಜಿ ಹಸು ಬಿಯರ್ ಕುಡಿಯುತ್ತೆ. ಆ ಹಾಲು ಮಕ್ಕಳಿಗೆ ಕೊಡಬೇಡಿ."

ಒಂದೊಂದೇ ಮನೆ ಹಾಲು ನಿಲ್ಲಿಸಿತು. ಇನ್ನು ಗೌರಿಯನ್ನು ಮಾರುವುದೊಂದೇ ಬಾಕಿ.

ಒಂದು ಸಂಜೆ ಮ್ಯಾನೇಜರ್ ಪೂಣಚ್ಚ ಸರ್ ಅಕ್ಕನನ್ನು ತಡೆದರು. "ಮೇಡಂ, ಬ್ಯಾಗ್ ಸ್ವಲ್ಪ ಓಪನ್ ಮಾಡಿ."

"ನನ್ ಮೇಲೇನಾ ಸರ್ ಅನುಮಾನ?"

"ರೂಲ್ಸ್ ಮೇಡಂ."

ಸರ್ ಬಾಟಲಿಯ ಮುಚ್ಚಳ ತಿರುಗಿಸಿದರು. ಮೂಸಿದರು. ಇನ್ನೊಮ್ಮೆ ಮೂಸಿದರು...

ಹಾಲು!

"ಹಾಲನ್ನ ಯಾಕಮ್ಮ ಹಿಂಗೆ ಬಚ್ಚಿಡೋದು?" ಕರಿಯಣ್ಣನ ದನಿ ಸಣ್ಣದಾಗಿತ್ತು.

"ಪೇಂಟ್ ವಾಸ್ನೆ ಹತ್ತಿದ್ರೆ ನನ್ ಮಗಳು ಕುಡಿಯಲ್ಲ ಅಣ್ಣ. ಚರಟಕ್ಕೆ ಬರೋವಾಗ ಮುನಿತಾಯಮ್ಮ ತರೋ ಹಾಲು ಅಂದ್ರೆ ಅವಳಿಗೆ ಪ್ರಾಣ."

"ಆ ಹಾಲಾ? ಬೀದಿಯೋರೆಲ್ಲ ಏನೇನೋ ಅಂತಾರಲ್ಲಮ್ಮ..."

"ನೀವೂ ನನ್ನ ಕಳ್ಳಿ ಅಂದ್ಕೊಂಡ್ರಲ್ಲ ಅಣ್ಣ... ಅದೂ ಹಂಗೇ ಸುಳ್ಳು."



ಹಿಂಬಾಗಿಲಲ್ಲಿ ಬಕೆಟ್ ಹಿಡಿದು ನಿಂತಿದ್ದ ಅಜ್ಜಿ ಸೆರಗಿನಿಂದ ಕಣ್ಣು ಒತ್ತಿಕೊಂಡರು. "ನಾಕು ಜನರ ಮುಂದೆ ಹೇಳ್ದ್ಯಲ್ಲ ತಾಯಿ... ನಂಗಷ್ಟೇ ಸಾಕು."

ಪೂಣಚ್ಚ ಸರ್ ಮುಚ್ಚಳ ಹಾಕಿ, ತಾವೇ ಟವೆಲ್ ಸುತ್ತಿ ಕೊಟ್ಟರು. "ಸಾರಿ ಮೇಡಂ... ಅಜ್ಜಿ, ನಾಳೆಯಿಂದ ನಮ್ಮ ಸ್ಟಾಫ್ ಟೀಗೆ ನೀವೇ ಹಾಲು ಹಾಕ್ತೀರಾ?"

ಈಗ ಚಿತ್ರ ಮುಗಿದಿದೆ. ಒಂದು ಮೂಲೆಯಲ್ಲಿ ಅಜ್ಜಿ, ಗೌರಿ... ಪಕ್ಕದಲ್ಲಿ ಒಂದು ಪುಟ್ಟ ಹುಡುಗಿ. ಅವಳ ತುಟಿಯ ಮೇಲೆ ಬಿಳಿ ನೊರೆಯ ಮೀಸೆ.

"ಇದೇನು, ಮಗೂಗೂ ಬಿಯರ್ ಕುಡಿಸಿದ್ದೀರಾ?" ಎಂದು ಬಂದವರು ತಮಾಷೆ ಮಾಡುತ್ತಾರೆ.

ಮೊದಲಾಗಿದ್ದರೆ ತಲೆ ತಗ್ಗಿಸಿ ಗ್ಲಾಸ್ ಎತ್ತಿಕೊಂಡು ಹೋಗುತ್ತಿದ್ದೆ. ಈಗ ನಿಂತು ಹೇಳುತ್ತೇನೆ... "ಅಲ್ಲ ಸರ್. ಅದು ನಮ್ಮ ಮುನಿತಾಯಮ್ಮನ ಹಾಲು. ನಾನೂ ಕುಡಿತೀನಿ."

ಗೌರಿ ಇನ್ನೂ ಅಜ್ಜಿಯ ಕೊಟ್ಟಿಗೆಯಲ್ಲೇ ಇದ್ದಾಳೆ.

*ಅನುಮಾನ ಬಾಯಿಂದ ಬಾಯಿಗೆ ತಾನೇ ಓಡುತ್ತದೆ... ನಿಜವನ್ನು ಮಾತ್ರ ಯಾರಾದರೂ ನಿಂತು ಹೇಳಬೇಕು.*

ಬರೀ ಮಾತು ಕೇಳಿ ನೀವು ಯಾರ ಮನೆಯ ಹಾಲು ನಿಲ್ಲಿಸಿದ್ದೀರಿ?