ಬಾಟಲಿಯೊಳಗಿನ ಹಪ್ಪಳ

ಇಂದು ಕಳಕ್ಕೂಟಂನಲ್ಲಿರುವ ಮಗಳ ಮನೆಯಲ್ಲಿ ಹಪ್ಪಳ ಸುಡುವ ವಾಸನೆ ಬಂದಾಗ ಆ ಮಧ್ಯಾಹ್ನ ಎದುರಿಗೆ ಬಂದು ನಿಂತಿತು.

ಮೇ ತಿಂಗಳ ಕೊನೆಯ ಶನಿವಾರ, ಮೂರು ಗಂಟೆ. ಏಲೂರಿನ ಕ್ವಾರ್ಟರ್ಸಿನ ತಾರಸಿಯಲ್ಲಿ ಇದ್ದವರು ಹತ್ತು ವರ್ಷದ ನಾನು, ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಚಿಕ್ಕಮ್ಮ, ನಾನು ಚೇಚ್ಚಿ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದ ಪಕ್ಕದ ಮನೆಯ ಲೀಲಾ ಚೇಚ್ಚಿ. ರಜೆ ಬಂದರೆ ಕ್ವಾರ್ಟರ್ಸಿನ ಮಕ್ಕಳನ್ನೆಲ್ಲ ಬೆಟ್ಟ ಹತ್ತಿಸುತ್ತಿದ್ದವಳು ಚಿಕ್ಕಮ್ಮ. ಮಳೆಗಾಲಕ್ಕೆ ಮುಂಚೆ, ಬೆಟ್ಟಕ್ಕೆ ಒಯ್ಯುವ ಅಲ್ಯೂಮಿನಿಯಂ ನೀರಿನ ಬಾಟಲಿಗಳನ್ನು ಎತ್ತಿಡಬೇಕಿತ್ತು. ಒಂದಿಷ್ಟು ತೇವ ಉಳಿದರೂ ಒಳಗೆ ಬೂಷ್ಟು ಹಿಡಿಯುತ್ತಿತ್ತು. ಅವರವರ ಬಾಟಲಿಯನ್ನು ಅವರೇ ಅಡುಗೆ ಸೋಡಾ ಹಾಕಿ ತೊಳೆದು, ಬೋರಲು ಹಾಕಿ ಒಣಗಿಸಿದ್ದೆವು.

ಪರೀಕ್ಷೆ ಚಿಕ್ಕಮ್ಮನದು. ಸುಟ್ಟ ಹಪ್ಪಳದ ಚೂರನ್ನು ಬಾಟಲಿಗೆ ಹಾಕಿ, ಮುಚ್ಚಳ ಬಿಗಿದು, ಒಂದು ಗಂಟೆ ಬಿಟ್ಟು ತಿಂದು ನೋಡಬೇಕು. ಒಳಗಿನ ತೇವಕ್ಕೆ ಹಪ್ಪಳ ಮೆತ್ತಗಾಗಿದ್ದರೆ ಆ ಬಾಟಲಿಯವರು ಓಣಂ ಕಳೆದ ಮೇಲಿನ ಮೊದಲ ಬೆಟ್ಟಕ್ಕೆ ಬರುವಂತಿಲ್ಲ.

ಲೀಲಾ ಚೇಚ್ಚಿಯದು ಕರುಮ್ಮೆಂದಿತು. "ನಾನು ಪಾಸ್!" ಎಂದಳು.

ನನ್ನದು ಮೆತ್ತಗಿತ್ತು. ಅಳು ತಡೆದುಕೊಂಡು ಅದನ್ನೇ ಹೇಳಿದೆ.

ಚಿಕ್ಕಮ್ಮ ತನ್ನ ಚೂರನ್ನು ಅಗಿದು ನುಂಗಿದಳು. "ನನ್ನದೂ ಮೆತ್ತಗೇ ಕಣೇ."

ಲೀಲಾ ಚೇಚ್ಚಿ ನಕ್ಕಳು. "ಸಾರಮಿಲ್ಲ, ಪರವಾಗಿಲ್ಲ ಬಿಡಿ! ನುಂಗಿಯಾಯಿತಲ್ಲ, ಇನ್ನು ಯಾರಿಗೆ ಗೊತ್ತಾಗುತ್ತೆ?"

"ಮಗುವಿಗೊಂದು ನಿಯಮ, ನನಗೊಂದು ಅಂತ ಮಾಡೋಕಾಗಲ್ಲ ಲೀಲಾ. ಆ ಸಲ ಮಕ್ಕಳನ್ನ ನೀನೇ ಕರ್ಕೊಂಡು ಹೋಗು. ನಾವಿಬ್ಬರೂ ಮನೇಲಿರ್ತೀವಿ."

ನಾವಿಬ್ಬರೂ ಬಾಟಲಿಗಳನ್ನು ಇನ್ನೂ ಬಿಸಿಲಿದ್ದ ಮೂಲೆಗೆ ಒಯ್ದೆವು. ಸಂಜೆ ಐದೂವರೆಗೆ, ಒಳಗೆ ಬೆಚ್ಚನೆಯ ಗಾಳಿಯಷ್ಟೇ ಉಳಿದಾಗ, ಮುಚ್ಚಳ ಬಿಗಿಯದೆ ಎರಡನ್ನೂ ಅಕ್ಕಪಕ್ಕ ಕಪಾಟಿನಲ್ಲಿಟ್ಟೆವು.