ಬಾಗಿಲ ಮೇಲಿನ ಗಂಟೆ

ಕಲ್ಯಾಣ ಮಂಟಪಗಳ ಬುಕಿಂಗ್ ಆ್ಯಪಿನಲ್ಲಿ ತಪ್ಪು ಕಂಡದ್ದೇ ತಡ, ಲತಾಮಣಿಯ ಕಣ್ಣು ಬಾಗಿಲ ಮೇಲೆ ತೂಗುತ್ತಿದ್ದ ಹಿತ್ತಾಳೆ ಗಂಟೆಯ ಕಡೆ ಹೋಯಿತು. ಹೋದಷ್ಟೇ ಬೇಗ ವಾಪಸು ಬಂತು. ಆ ಗಂಟೆ ಎಳೆದರೆ ಅರಸೀಕೆರೆಯ ಆ ಪುಟ್ಟ ಆಫೀಸಿನಲ್ಲಿ ಎಲ್ಲರೂ ಕೆಲಸ ನಿಲ್ಲಿಸಬೇಕು. ಅವಳ ಕೆಲಸ ಕಾಯಂ ಆಗುವುದೋ ಇಲ್ಲವೋ ಸೋಮವಾರ ತೀರ್ಮಾನವಾಗುವುದಿತ್ತು.

ಗಂಟೆ ತಂದವನು ಮಾಲೀಕ ಶರತ್ಚಂದ್ರ. ಕಾರು ಕಾರ್ಖಾನೆಗಳಲ್ಲಿ ತಪ್ಪು ಕಂಡವರು ಯಾರೇ ಆದರೂ ಹಗ್ಗ ಎಳೆದು ಇಡೀ ಕೆಲಸ ನಿಲ್ಲಿಸಬಹುದು ಎಂದು ಎಲ್ಲೋ ಓದಿ, ಮಾಲೇಕಲ್ಲಿನ ದೇವಸ್ಥಾನಕ್ಕೆ ಹೋದಾಗ ಇದನ್ನು ಕೊಂಡಿದ್ದ. ಅಂದಿನಿಂದ ಅವನ ಬಾಯಲ್ಲಿ ಎರಡೇ ಮಂತ್ರ: ಬೇಡದ್ದನ್ನು ಕಿತ್ತುಹಾಕಿ, ತಪ್ಪನ್ನು ಮುಂದಕ್ಕೆ ತಳ್ಳಬೇಡಿ. ತಪ್ಪು ತೋರಿಸಲೆಂದು ಗಂಟೆ ಈವರೆಗೆ ಒಮ್ಮೆಯೂ ಸದ್ದು ಮಾಡಿರಲಿಲ್ಲ. "ನೋಡ್ರಪ್ಪಾ, ನಮ್ಮಲ್ಲಿ ತಪ್ಪೇ ಆಗಲ್ಲ" ಎಂದು ಬಂದವರಿಗೆಲ್ಲ ತೋರಿಸಿ ಬೀಗುತ್ತಿದ್ದ.

ಈ ಸಲ ಆ್ಯಪನ್ನು ಹೊಸದು ಮಾಡುವಾಗ ಅವನು ಅದರಿಂದ ಕಿತ್ತುಹಾಕಿದ್ದು 'ಹಿಂದಿನ ಸಂಜೆಯೂ ಬೇಕೇ?' ಎಂಬ ಪ್ರಶ್ನೆಯನ್ನು. ಒಂದು ಮದುವೆ, ಒಂದು ತಾರೀಖು, ಮುಗೀತು. ಆದರೆ ಈ ಸೀಮೆಯಲ್ಲಿ ಭಾನುವಾರ ಧಾರೆಯೆಂದರೆ ಶನಿವಾರ ಸಂಜೆಯೇ ಆರತಕ್ಷತೆ. ಹೊಸ ಆ್ಯಪ್ ಆ ಸಂಜೆಯನ್ನು ಖಾಲಿ ಎಂದು ತೋರಿಸುತ್ತಿತ್ತು. ಬೇರೆಯವರು ಹಿಡಿದರೆ ಒಂದೇ ವೇದಿಕೆಗೆ ಎರಡು ಜೋಡಿ! ಇನ್ನು ಸ್ವಲ್ಪ ಹೊತ್ತಿಗೆ ಈ ಹೊಸ ಆ್ಯಪ್, ತಿಂಗಳ ಬಾಡಿಗೆಗೆ ಅದನ್ನು ಬಳಸುವ ಬೇಲೂರು, ಹಳೇಬೀಡಿನ ಛತ್ರಗಳಿಗೆಲ್ಲ ಹೋಗುವುದಿತ್ತು.

"ಸುಮ್ನಿರೇ, ಸೋಮವಾರ ಕಳೀಲಿ," ಪಕ್ಕದ ಹೇಮಾಶ್ರೀ ಪಿಸುಗುಟ್ಟಿದಳು. "ಸಾರೇ ಮಾಡಿರೋದು ಕಣೇ. ನಿನ್ನ ಅನ್ನಕ್ಕೆ ನೀನೇ ಕಲ್ಲು ಹಾಕ್ಕೋಬೇಡ."

"ಅಷ್ಟೊತ್ತಿಗೆ ಯಾರ್ದೋ ಮದ್ವೆ ಮನೇಲಿ ಹೊಡೆದಾಟ ಆಗಿರುತ್ತೆ."

ಲತಾಮಣಿ ಎದ್ದು ಹೋಗಿ, ಕಣ್ಣು ಮುಚ್ಚಿ ಹಗ್ಗ ಎಳೆದಳು. ಸದ್ದಿಲ್ಲ. ಮತ್ತೆ ಎಳೆದಳು. ಗಂಟೆ ಜೋರಾಗಿಯೇ ತೂಗಿತು, ಸದ್ದು ಮಾತ್ರ ಬರಲಿಲ್ಲ.

ಶರತ್ಚಂದ್ರ ಕುರ್ಚಿ ಹತ್ತಿ ನೋಡಿದ. ಗಂಟೆಯ ನಾಲಿಗೆಗೆ ನೀಲಿ ಕರ್ಚೀಫು ಸುತ್ತಿ ಬಿಗಿದಿತ್ತು.

"ಯಾರ್ರೀ ಈ ಕೆಲ್ಸ ಮಾಡಿದ್ದು?" ಎಂದು ಗದರಿದವನ ದನಿ, ಅದರ ಮೂಲೆಯಲ್ಲಿ ತನ್ನ ಹೆಂಡತಿ ಹಾಕಿದ ಕಸೂತಿ ಕಂಡು ಇಳಿಯಿತು. "ತಂದ ದಿನ... ಫ್ಯಾನ್ ಗಾಳಿಗೆ ಬಡ್ಕೋತಾ ಇತ್ತು. ಗಿರಾಕಿ ಫೋನಲ್ಲಿದ್ರು. ಆಮೇಲೆ ಬಿಚ್ಚೋಣ ಅಂತ..."

ಹೇಮಾಶ್ರೀ ನಗು ತಡೆಯಲು ಬಾಯಿಗೆ ವೇಲು ಒತ್ತಿಕೊಂಡಳು. ಲತಾಮಣಿ ಮಾತ್ರ ಹಗ್ಗ ಬಿಟ್ಟಿರಲಿಲ್ಲ.

"ಬಿಚ್ಚಿ ಸಾರ್," ಎಂದಳು. "ಇನ್ನೊಂದ್ಸಲ ಎಳೀಬೇಕು."